ಆಗಿದ್ದರು

ಬೀಗದಮ್ಮ ಸತ್ತುಹೋಗಿದ್ದಳು. ಕಂಪ್ಯೂಟರಿನ ಪರದೆ ಹಾಗೆ ಹೇಳುತ್ತಿತ್ತು. ಸಾಕ್ಷಾತ್ ಬೀಗದಮ್ಮನೇ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು: "ಬೀಗದಮ್ಮ ನಮ್ಮ ಬಳಗದ ಸದಸ್ಯರಾಗಿದ್ದರು." ಮುಂದೆ ಓದಲು ಧೈರ್ಯ ಬರಲಿಲ್ಲ.

ಹಳೆಯ ಬೀಗಗಳ ಹುಚ್ಚು ಹತ್ತಿದವರೆಲ್ಲ ಸೇರಿ ಕಟ್ಟಿದ, ಬಳಗದ ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಕಿ ಜಾಲತಾಣ ಅದು. ಮೊದಲು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು, ಒಬ್ಬೊಬ್ಬರದು ಒಂದೊಂದು ಬರವಣಿಗೆ. ಎಲ್ಲ ಪುಟಗಳೂ ಒಂದೇ ಅಚ್ಚಿನಲ್ಲಿರಲಿ ಎಂದು ಟೆಂಪ್ಲೇಟುಗಳನ್ನು ಮಾಡಿಕೊಟ್ಟವಳು ಇವಳೇ. ಬೀಗಕ್ಕೊಂದು, ಸದಸ್ಯರಿಗೊಂದು. ಖಾಲಿ ಜಾಗ ತುಂಬಿದರೆ ಸಾಕು, ವಾಕ್ಯವನ್ನು ಅದೇ ಹೊಸೆಯುತ್ತದೆ. ಆದರೂ ಹೊಸಬರು ಯಾವುದೋ ಹಳೆಯ ಪುಟ ತೆರೆದು ಅದರೊಳಗೇ ತಮ್ಮದನ್ನು ತುರುಕುತ್ತಿದ್ದರು. ಮೊನ್ನೆ ಪೆಟ್ಟಿಗೆ ಬೀಗದ ಪುಟದಲ್ಲಿ ಸೈಕಲ್ ಬೀಗ ಬಂದು ಕೂತಿತ್ತು. ಅಂಥವರಿಗೆ ಮಂಗಳಾರತಿ ಎತ್ತುವ ಕೆಲಸವೂ ಬೀಗದಮ್ಮನದೇ.

ಸದಸ್ಯರ ಟೆಂಪ್ಲೇಟಿನಲ್ಲಿ 'ಮರಣ' ಎಂಬ ಜಾಗವಿದೆ. ಅಲ್ಲಿ ಇಸವಿ ಬಿದ್ದರೆ 'ಆಗಿದ್ದಾರೆ' ಎಂಬುದು ತಾನಾಗಿ 'ಆಗಿದ್ದರು' ಆಗುತ್ತದೆ. ಯಾರೋ ಇಸವಿ ತುಂಬಿದ್ದರು. ಈ ವರ್ಷದ್ದೇ. ವರ್ಷ ಮುಗಿಯಲು ಇನ್ನು ಕೆಲವೇ ವಾರಗಳಿದ್ದವು.

ತಿದ್ದಿದವರು ಯಾರೆಂದು ನೋಡಿದಳು. ಅವಳದೇ ಖಾತೆ. ಅದರಿಂದ ಅವಳು ಎಂದೂ ಲಾಗ್‌ಔಟ್ ಆಗುತ್ತಿರಲಿಲ್ಲ, ಮನೆಯಲ್ಲಿದ್ದವರು ಇಬ್ಬರೇ.

ಗಂಡ ಔಷಧಿ ಅಂಗಡಿಯವನು. ಹೆಸರಿಗೆ ಬಳಗದ ಸದಸ್ಯನೂ ಹೌದು, ಅವನದೊಂದು ಪುಟ ಮಾತ್ರ ಇನ್ನೂ ಆಗಿರಲಿಲ್ಲ. ಯಾವುದು ಎಷ್ಟು ಒಳಗೆ ಹೋದರೆ ಏನಾಗುತ್ತದೆಂದು ಬಲ್ಲವನು. ಇತ್ತೀಚೆಗೆ ಮಧ್ಯಾಹ್ನವೇ ಅಂಗಡಿ ಮುಚ್ಚಿ ಎಲ್ಲಿಗೋ ಹೋಗುತ್ತಿದ್ದ, ಕೇಳಿದರೆ ಮಾತು ಹಾರಿಸುತ್ತಿದ್ದ. ಹೋದ ವಾರ ಅವಳ ತಂಗಿಯ ಜೊತೆ ಫೋನಿನಲ್ಲಿ ಪಿಸುಗುಟ್ಟಿದ್ದ: "ಅಕ್ಕನಿಗೆ ಗೊತ್ತಾಗಬಾರದು. ಆಮೇಲಿಂದು ನೀನು ನೋಡ್ಕೋ." ಆಗ ಏನೋ ತಮಾಷೆಯಿರಬೇಕೆಂದು ನಕ್ಕು ಸುಮ್ಮನಾಗಿದ್ದಳು. ಒಡಹುಟ್ಟಿದವಳೂ ಸೇರಿಕೊಂಡಳಲ್ಲ ಎಂದು ಈಗ ಅನ್ನಿಸಿತು.

ಅಡುಗೆಮನೆಯಲ್ಲಿ ಚಮಚದ ಸದ್ದಾಯಿತು. ಸಂಜೆಯ ಹಾಲು ಕಾಯಿಸುವುದು ಅವನ ಪಾಲಿನ ಕೆಲಸ. ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬಾಗಿಲ ಸಂದಿಯಿಂದ ಇಣುಕಿದಳು. ಕಟ್ಟೆಯ ಮೇಲೆ ಎರಡು ಲೋಟಗಳಿದ್ದವು. ಅವನು ಜೇಬಿನಿಂದ ಪೊಟ್ಟಣ ತೆಗೆದು ಒಂದು ಲೋಟಕ್ಕೆ ಪುಡಿ ಸುರಿದು ಕದಡಿದ. ಖಾಲಿ ಪೊಟ್ಟಣ ಕಸದ ಬುಟ್ಟಿಗೆ ಬೀಳಲಿಲ್ಲ, ಮತ್ತೆ ಜೇಬಿಗೇ ಹೋಯಿತು.

ಓಡಿ ಬಂದು ಕುರ್ಚಿಯಲ್ಲಿ ಕೂತಳು. ಅವನು ಬಂದು ಒಂದು ಲೋಟವನ್ನು ಅವಳತ್ತ ಸರಿಸಿದ. ಬಿಸಿ ಇರುವಾಗಲೇ ಕುಡಿ ಎಂದ. ಮೂವತ್ತು ವರ್ಷ ಇದೇ ಮಾತು ಹೇಳಿದ ಬಾಯಿ ಅದು. ಅವಳಿಗೆ ಅಳು ಒತ್ತರಿಸಿ ಬಂತು.

"ಪುಡಿ ಹಾಕಿದ್ದು ಯಾವ ಲೋಟಕ್ಕೆ?" ಎಂದಳು. "ಅದನ್ನ ನೀವೇ ಕುಡೀರಿ."

ಅವನ ಮುಖ ಬಿಳಿಚಿತು. ಆಮೇಲೆ ತನ್ನ ಲೋಟ ಎತ್ತಿ ಗಟಗಟ ಕುಡಿದು ಕೆಳಗಿಟ್ಟ.

"ಅದು ನನ್ನದೇ," ಎಂದ. "ನೋವಿಗೆ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ಪರದೆಯನ್ನು ಅವನತ್ತ ತಿರುಗಿಸಿದಳು. "ಹಾಗಾದ್ರೆ ನನ್ನನ್ನ ಯಾಕೆ ಸಾಯಿಸಿದ್ರಿ?"

ಅವನು ಬಗ್ಗಿ ಓದಿದ.

"ನಿನ್ನ ಪುಟ ತೆಗೆದು ಅದರ ಮೇಲೆ ನನ್ನದು ಬರೀತಿದ್ದೆ ಕಣೇ, ಹೆಸರು ಬದಲಾಯಿಸೋದು ಮರೆತಿದ್ದೀನಿ ನೋಡು," ಎಂದ. "ಆ ಇಸವಿ ಒಂದನ್ನ ನಿನ್ನ ಕೈಯಾರೆ ತುಂಬೋ ಹಾಗೆ ಆಗಬಾರದು ಅಂತ."