ರಮ್ಮಿನ ತಪ್ಪು

ಗಂಡ ಬಾರಿನ ಮುಂದೆ ಬೀಳುವುದು ತಪ್ಪಲಿ ಎಂದು ಅವಳೇ ಫೋನು ನೋಡಿ ಮೊಹಿತೊ ಎಂಬ ರಮ್ಮಿನ ಪಾನೀಯ ಮಾಡಲು ಕಲಿತಳು. ಹೋದ ಸೋಮವಾರ ಅವನು ಒಂದು ಬಾಟಲಿ ರಮ್ಮು ತಂದುಕೊಟ್ಟ. ಅವತ್ತಿನಿಂದ ದಿನಾ ಸಂಜೆ ಪುದೀನ ಜಜ್ಜಿ, ನಿಂಬೆಹಣ್ಣು ಹಿಂಡಿ, ಸೋಡಾ ಸುರಿದು ಗ್ಲಾಸು ತುಂಬಿಸಿ ಕೊಡುತ್ತಿದ್ದಳು.

"ಘಾಟೇ ಇಲ್ಲ ನೋಡು, ಭೇಷ್!" ಅನ್ನುತ್ತಿದ್ದ ಅವನು.

ನಿನ್ನೆ ಎರಡು ಗ್ಲಾಸು ಇಳಿದ ಮೇಲೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವಳ ಕೆನ್ನೆಗೆ ಬಾರಿಸಿದ್ದ. ಬೆಳಗ್ಗೆ ಆ ಬಾತ ಕೆನ್ನೆ ಕಂಡು ಅವನಿಗೆ ತಲೆ ಎತ್ತಲಾಗಲಿಲ್ಲ.

"ನಾನಲ್ಲ ಕಣೇ, ಆ ಹಾಳು ರಮ್ಮು ಹೊಡೆಸಿದ್ದು."

"ಹೌದಾ?" ಎಂದಳು, ರೊಟ್ಟಿ ತಟ್ಟುತ್ತಲೇ.

"ನಿನ್ನಾಣೆ. ಉಳಿದಿದ್ದನ್ನ ಈಗಲೇ ಬಚ್ಚಲಿಗೆ ಸುರೀತೀನಿ. ಎಲ್ಲಿಟ್ಟಿದ್ದೀಯ?"

"ಅಕ್ಕಿ ಡಬ್ಬದ ಹಿಂದೆ. ನೀವೇ ತಗೊಳ್ಳಿ."

ಅವನು ಕೈಹಾಕಿ ಬಾಟಲಿ ತೆಗೆದ. ಮುಚ್ಚಳದ ಸೀಲು ಇನ್ನೂ ಒಡೆದೇ ಇರಲಿಲ್ಲ.