ಪರ್ವತಿ ಗುಡ್ಡ ಏರಿದ ಐದು ಚುಕ್ಕಿಗಳು

ಬೆಳಗಿನ ಜಾವ ಮೊಬೈಲಿನ ಪರದೆಯಲ್ಲಿ ಐವರು ಗೆಳೆಯರ ಐದು ಚುಕ್ಕಿಗಳು ಒಂದನ್ನೊಂದು ಅಗಲದೆ ಪುಣೆಯ ಪರ್ವತಿ ಗುಡ್ಡದ ಮೆಟ್ಟಿಲು ಏರುತ್ತಿದ್ದವು. ಮೃಣ್ಮಯಿ ಅದನ್ನು ಹೆಮ್ಮೆಯಿಂದ, ತುದಿಯ ಕಟ್ಟೆಯಲ್ಲಿ ಕೂತಿದ್ದ ಕರಂದೀಕರರ ಮುಂದೆ ಹಿಡಿದಳು. ಗೆಳೆಯರೇ ಗೆಳೆಯರ ನಿತ್ಯದ ರೂಢಿಗೆ ಕಾವಲು ನಿಲ್ಲುವ ಈ ಆ್ಯಪ್ ಕಟ್ಟಲೆಂದು ಅವಳು ನೌಕರಿ ಬಿಟ್ಟಿದ್ದಳು. ಬಂಡವಾಳ ಹೂಡುವ ಮಾತನ್ನು ಆ ಹಿರಿಯರು ಇಂದು ಇಲ್ಲೇ ತೀರ್ಮಾನಿಸುವವರಿದ್ದರು.

"ನೋಡಿ ಕಾಕಾ, ಒಬ್ಬ ಗುಡ್ಡ ಹತ್ತೋದು ತಪ್ಪಿಸಿದ್ರೆ ಉಳಿದವರಿಗೆಲ್ಲ ದೂರು ಹೋಗತ್ತೆ. ಅದಕ್ಕೇ ಯಾರೂ ತಪ್ಪಿಸಲ್ಲ. ನನ್ನ ಪಾಲುದಾರ ನಚಿಕೇತನೂ ಅವರ ಜೊತೇಲೇ ಇದ್ದಾನೆ."

ಕೊನೆಯ ಮೆಟ್ಟಿಲಲ್ಲಿ ಕಾಣಿಸಿಕೊಂಡವನು ಗೆಳೆಯ ಪುಷ್ಕರ ಒಬ್ಬನೇ. ಹೆಗಲ ಮೇಲಿನ ಬಟ್ಟೆಯ ಚೀಲವನ್ನು ಅವನು ಕಟ್ಟೆಗೆ ಇಳಿಸಿದ್ದೇ ತಡ, ಅದರೊಳಗಿನ ಫೋನುಗಳೆಲ್ಲ ಒಟ್ಟಿಗೆ "ಶಾಬ್ಬಾಸ್ ಗೆಳೆಯಾ!" ಎಂದು ಕೂಗಿದವು. ಕೂಗಿದ ದನಿ ಮೃಣ್ಮಯಿಯದೇ. ತುದಿ ಮುಟ್ಟಿದವರಿಗೆಂದು ಆ್ಯಪಿನಲ್ಲಿ ಉಬ್ಬಿಹೋಗಿ ಅವಳೇ ಧ್ವನಿ ಮುದ್ರಿಸಿಟ್ಟದ್ದು. ಚೀಲದ ಬಾಯಲ್ಲಿ ನಚಿಕೇತನ ಫೋನು ಮಿನುಗುತ್ತಿತ್ತು. ಚುಕ್ಕಿ ಐದು, ಕಾಲು ಒಂದೇ ಜೊತೆ. ಈ ಲೆಕ್ಕವನ್ನೇ ಅವಳು ಇಷ್ಟು ದಿನ ಸ್ನೇಹವೆಂದು ಸಾರುತ್ತ ಬಂದಿದ್ದಳು.

"ಉಳಿದವರು ಎಲ್ಲಪ್ಪಾ?" ಎಂದರು ಕರಂದೀಕರ.

"ಕೆಳಗೆ ಅಂಗಡೀಲಿ ಕೂತು ಖಾರದ ಮಿಸಳ್-ಪಾವ್ ಹೊಡೀತಿದ್ದಾರೆ ಕಾಕಾ. ಫೋನ್ ಹೊರೋಕೆ ಸರದಿ ಮಾಡ್ಕೊಂಡಿದ್ದೀವಿ, ಇವತ್ತಿನ ಹಮಾಲಿ ನಂದು." ಪುಷ್ಕರ ಬೆವರೊರೆಸಿಕೊಂಡು ಮೃಣ್ಮಯಿಯತ್ತ ತಿರುಗಿದ. "ಅರೇ, ನೀನ್ಯಾಕೆ ನಿದ್ದೆಗೆಟ್ಟು ಬಂದೆ? ನಿನ್ ಫೋನೂ ಕೊಟ್ಟಿದ್ರೆ ತರ್ತಿರಲಿಲ್ವಾ?"

"ಕಾಕಾ, ಆ ಬಂಡವಾಳದ ವಿಷಯ..." ಮೃಣ್ಮಯಿ ತೊದಲಿದಳು.

"ಅದು ಹಾಗಿರಲಿ ಪೋರಿ." ಕರಂದೀಕರರು ಕೋಲೂರಿ ಎದ್ದು, ಅವಳನ್ನು ದಾಟಿ ಪುಷ್ಕರನತ್ತ ನೋಡಿದರು. "ಯಾವ ಅಂಗಡೀ ಮಿಸಳ್ ಅದು?"