ತಟ್ಟೆ ಎಸೆಯುವವನು

"ಒಂದು ಮಾತು ನೆನಪಿಟ್ಕೊಳ್ಳಿ. ಆ ಗುಂಡಿಯೊಳಗೆ ಕೂತು ನಾವು ಗುರಿಯಿಟ್ಟು ಹೊಡೆಯೋಕೆ ಮಣ್ಣಿನ ತಟ್ಟೆ ಎಸೀತಾನಲ್ಲ, ಅವನ ಕಡೆ ಯಾವತ್ತೂ ಕೋವಿ ತಿರುಗಿಸಬಾರ್ದು," ಎಂದು ತರಬೇತುದಾರ ಮಾದಯ್ಯ ಹೊಸ ಶಿಷ್ಯೆಗೆ ಗದರಿಯೇ ಹೇಳಿದ.

ಕೋವಿಯ ಹಿಂಬದಿ ಭುಜಕ್ಕೆ ತಾಗಿದ್ದೇ ತಡ, ಗುಂಡು ಹಾರುವ ಮೊದಲೇ ಅವಳು ನೋವಿಗೆ ಮುಲುಗಿದಳು. ಇವಳ ಕೈಲಾಗದು ಎಂದುಕೊಂಡ ಮಾದಯ್ಯ.

ಆದರೆ ಹಾರಿದ ತಟ್ಟೆಗಳೆಲ್ಲ ಒಂದರ ಹಿಂದೊಂದು ಗಾಳಿಯಲ್ಲೇ ನುಚ್ಚುನೂರಾದವು.

"ತಟ್ಟೆ ಎತ್ತ ಹಾರುತ್ತೆ ಅಂತ ತಿಳಿಯೋಕೇ ಹೊಸಬರಿಗೆ ತಿಂಗಳುಗಟ್ಟಲೆ ಬೇಕು. ನಿಮಗ್ಯಾರಮ್ಮ ಕಲಿಸಿದ್ದು?"

"ನಮ್ಮ ಯಜಮಾನ್ರು ಸಾರ್. ಪಲ್ಯಕ್ಕೆ ಉಪ್ಪು ಕಮ್ಮಿಯಾದಾಗೆಲ್ಲ."

ಅವಳು ಮತ್ತೆರಡು ತೋಟಾ ತುಂಬಿಕೊಂಡಳು.

"ಎಸೆಯೋನ ಕಡೆ ತಿರುಗಿಸಬಾರ್ದು ಅಂದ್ರಲ್ಲ, ಅದು ಈ ಮೈದಾನದಲ್ಲಿ ಮಾತ್ರ ತಾನೇ?"